ಆನ್‌ಲೈನ್ ಮೂಲಕ ಔಷಧಿ ತರಿಸುವುದು: ನಮ್ಮ ಕುಟುಂಬಗಳು ಹಾಗೂ ಧರ್ಮಕೇಂದ್ರಗಳು ತಿಳಿದಿರಬೇಕಾದ ವಿಷಯಗಳು



ವೃದ್ಧ ತಂದೆತಾಯಿಗಳು ಮಾತ್ರ ಉಳಿದಿರುವ ಮನೆಗಳು ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ಪ್ರತಿಯೊಂದು ವಾಳೆಯಲ್ಲೂ ಇವೆ. ಮಕ್ಕಳು ದುಬೈ, ಕುವೈಟ್, ಮುಂಬಯಿ, ಬೆಂಗಳೂರುಗಳಲ್ಲಿ ದುಡಿಯುತ್ತಿದ್ದಾರೆ. ತಂದೆಗೆ ಬಿ.ಪಿ., ತಾಯಿಗೆ ಸಕ್ಕರೆ ಕಾಯಿಲೆ. ಪ್ರತಿ ತಿಂಗಳು ಪೇಟೆಗೆ ಹೋಗಿ ಮೆಡಿಕಲ್‌ನಲ್ಲಿ ಸಾಲು ನಿಲ್ಲುವ ಶಕ್ತಿ ಇಬ್ಬರಲ್ಲೂ ಇಲ್ಲ. ಹೀಗಾಗಿ ಮಗ ಗಲ್ಫ್‌ನಲ್ಲಿ ಕುಳಿತು ಮೊಬೈಲ್ ಮೂಲಕ ಆರ್ಡರ್ ಮಾಡುತ್ತಾನೆ, ಎರಡು ಮೂರು ದಿನಗಳಲ್ಲಿ ಮದ್ದಿನ ಪಾರ್ಸೆಲ್ ಮನೆಬಾಗಿಲಿಗೆ ಬರುತ್ತದೆ. ಇದು ಒಳ್ಳೆಯ ಅನುಕೂಲವೇ ಸರಿ. ಇದನ್ನು ಬೇಡವೆನ್ನುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಒಂದು ವಿಷಯವನ್ನು ಗಮನಿಸಬೇಕಾಗಿದೆ. ಊರಿನ ಔಷಧ ಅಂಗಡಿಯವರು ಮದ್ದನ್ನು ಮಾತ್ರ ಕೊಡುತ್ತಿರಲಿಲ್ಲ. "ಬಾಯಮ್ಮ, ಕಳೆದ ವಾರವಷ್ಟೇ ಇದನ್ನು ಕೊಂಡು ಹೋಗಿದ್ದೀರಲ್ಲ", "ಡಾಕ್ಟರರು ಈ ಸಲ ಅರ್ಧ ಮಾತ್ರೆ ಎಂದು ಬರೆದಿದ್ದಾರೆ" ಎಂದು ಹೇಳುತ್ತಿದ್ದವರೂ ಅವರೇ. ಪಾರ್ಸೆಲ್ ತರುವ ಹುಡುಗನಿಂದ ಈ ಮಾತನ್ನು ನಿರೀಕ್ಷಿಸುವಂತಿಲ್ಲ. ಔಷಧಿ ಮನೆಗೆ ಬಂದ ಮೇಲೆ ಅದನ್ನು ಚೀಟಿಯೊಂದಿಗೆ ಹೋಲಿಸಿ ನೋಡುವವರು ಯಾರು ಎಂಬ ಪ್ರಶ್ನೆಗೆ ಪ್ರತಿಯೊಂದು ಕುಟುಂಬವೂ ಉತ್ತರ ಕಂಡುಕೊಳ್ಳಬೇಕು. ಅದಕ್ಕೆ ಸಹಾಯವಾಗುವ ಮಾಹಿತಿಯನ್ನು ಇಲ್ಲಿ ಕ್ರಮವಾಗಿ ನೀಡುತ್ತಿದ್ದೇವೆ.

ಅಂದು ಅಂಚೆ, ಇಂದು ಕೊರಿಯರ್

ದೂರದಿಂದ ಔಷಧಿ ಬರುವುದು ಮಂಗಳೂರಿಗೆ ಹೊಸತಲ್ಲ. ಜರ್ಮನ್ ಮೂಲದ ಜೆಸ್ವಿಟ್ ಗುರು ಫಾದರ್ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ಆರಂಭಿಸಿದರು. ಅಲ್ಲಿಂದ ಔಷಧಿಗಳು ಅಂಚೆಯ ಮೂಲಕ ದೂರದೂರದ ಊರುಗಳಿಗೂ ಹೋಗುತ್ತಿದ್ದವು. ಅದೇ ಔಷಧಾಲಯ ಇಂದು ದೊಡ್ಡ ಆಸ್ಪತ್ರೆ ಹಾಗೂ ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ರೋಗಿಯ ಮನೆಗೆ ಮದ್ದು ತಲುಪಿಸುವುದು ಧರ್ಮಸಭೆಯ ಸೇವೆಯ ಒಂದು ಭಾಗವಾಗಿಯೇ ಇತ್ತು. ಸಿರಾಖನ ಗ್ರಂಥದ 38ನೇ ಅಧ್ಯಾಯವು ವೈದ್ಯನನ್ನೂ ಔಷಧಿಯನ್ನೂ ದೇವರಿಂದ ಬಂದವುಗಳೆಂದು ಕಾಣುತ್ತದೆ. ಜೀವ ಮತ್ತು ಆರೋಗ್ಯ ದೇವರು ನಮಗೆ ಒಪ್ಪಿಸಿದ ಕೊಡುಗೆಗಳು, ಅವುಗಳನ್ನು ವಿವೇಕದಿಂದ ನೋಡಿಕೊಳ್ಳುವುದು ನಮ್ಮ ಕರ್ತವ್ಯ ಎಂಬುದು ಕಥೋಲಿಕ ಧರ್ಮೋಪದೇಶದ 2288ನೇ ಸಂಖ್ಯೆಯ ಸಾರ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಔಷಧಿ ಮಾರಾಟವು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಹಾಗೂ 1945ರ ನಿಯಮಗಳ ಅಡಿಯಲ್ಲಿ ನಡೆಯುತ್ತದೆ. ಇಂಟರ್ನೆಟ್ ಇಲ್ಲದ ಕಾಲದ ಈ ಕಾಯ್ದೆಯಲ್ಲಿ ಆನ್‌ಲೈನ್ ಔಷಧ ಅಂಗಡಿ ಎಂಬ ಪ್ರತ್ಯೇಕ ವರ್ಗವಿಲ್ಲ. 2018ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಇ-ಫಾರ್ಮಸಿಗಾಗಿ ಕರಡು ನಿಯಮಗಳನ್ನು ಪ್ರಕಟಿಸಿತು. ಔಷಧ ವ್ಯಾಪಾರಿಗಳು ಇದನ್ನು ವಿರೋಧಿಸಿ 2018ರ ಸೆಪ್ಟೆಂಬರ್ 28ರಂದು ದೇಶಾದ್ಯಂತ ಬಂದ್ ಆಚರಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಲೈಸನ್ಸ್ ಇಲ್ಲದೆ ಆನ್‌ಲೈನ್‌ನಲ್ಲಿ ಔಷಧಿ ಮಾರುವುದಕ್ಕೆ ತಡೆ ನೀಡಿತು. ಹಲವು ವರ್ಷಗಳು ಕಳೆದರೂ ಆ ಕರಡು ಅಂತಿಮ ರೂಪ ಪಡೆಯಲಿಲ್ಲ. 2023ರ ಫೆಬ್ರವರಿಯಲ್ಲಿ ಭಾರತದ ಔಷಧ ಮಹಾನಿಯಂತ್ರಕರು ಹಲವಾರು ಆನ್‌ಲೈನ್ ಕಂಪೆನಿಗಳಿಗೆ ಕಾರಣ ಕೇಳಿ ನೋಟೀಸು ನೀಡಿದರು.

ಹಾಗಾದರೆ ಸಾಮಾನ್ಯ ಭಕ್ತಾದಿಗಳು ತಿಳಿಯಬೇಕಾದುದು ಏನು? ಪೇಟೆಯ ಅಂಗಡಿಗೆ ಇರುವ ನಿಯಮಗಳಿಗಿಂತ ಸಡಿಲವಾದ ನಿಯಮ ಆನ್‌ಲೈನ್ ಮಾರಾಟಕ್ಕೆ ಇಲ್ಲ. ಔಷಧಿಯನ್ನು ಕಳುಹಿಸುವ ಅಂಗಡಿಗೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ನೀಡಿದ ಲೈಸನ್ಸ್ ಇರಬೇಕು. ಚಿಲ್ಲರೆ ಮಾರಾಟಕ್ಕೆ ಇದು ಸಾಮಾನ್ಯವಾಗಿ ನಮೂನೆ 20 ಮತ್ತು 21ರಲ್ಲಿ ಇರುತ್ತದೆ. ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿ ಔಷಧಿ ಹೊರಡಬೇಕು. ಚೀಟಿ ಬೇಕಾದ ಔಷಧಿಗೆ ಚೀಟಿ ಇರಲೇಬೇಕು.

ಚೀಟಿಯ ಮೇಲೆ ಮಾತ್ರ ಕೊಡಬೇಕಾದ ಔಷಧಿಗಳಲ್ಲಿ ಮೂರು ಪಟ್ಟಿಗಳಿವೆ.

1. ಶೆಡ್ಯೂಲ್ ಎಚ್: ಬಿ.ಪಿ., ಸಕ್ಕರೆ ಕಾಯಿಲೆ, ಹೃದ್ರೋಗ ಮುಂತಾದವುಗಳಿಗೆ ಡಾಕ್ಟರರು ಬರೆಯುವ ಹೆಚ್ಚಿನ ಔಷಧಿಗಳು ಇದರಲ್ಲಿ ಬರುತ್ತವೆ.

2. ಶೆಡ್ಯೂಲ್ ಎಚ್1: 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಈ ಪಟ್ಟಿಯಲ್ಲಿ ಪ್ರಬಲ ಆ್ಯಂಟಿಬಯೋಟಿಕ್‌ಗಳು, ಕ್ಷಯರೋಗದ ಔಷಧಿಗಳು, ಅಭ್ಯಾಸವಾಗಿ ಬಿಡಬಹುದಾದ ಕೆಲವು ನಿದ್ರೆ ಮಾತ್ರೆ ಹಾಗೂ ನೋವಿನ ಮಾತ್ರೆಗಳು ಸೇರಿವೆ. ಇವನ್ನು ಮಾರುವ ಅಂಗಡಿಯವರು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ರೋಗಿಯ ಹಾಗೂ ಡಾಕ್ಟರರ ಹೆಸರನ್ನು ಬರೆದು 3 ವರ್ಷ ಇಟ್ಟುಕೊಳ್ಳಬೇಕು.

3. ಶೆಡ್ಯೂಲ್ ಎಕ್ಸ್: ಅತ್ಯಂತ ಕಟ್ಟುನಿಟ್ಟಾದ ಪಟ್ಟಿ. ಇದಕ್ಕೆ ಚೀಟಿಯ ಎರಡು ಪ್ರತಿಗಳು ಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು.

ಕೊರೊನಾ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಲೈಸನ್ಸ್ ಇರುವ ಅಂಗಡಿಗಳು ಮನೆಗಳಿಗೆ ಔಷಧಿ ತಲುಪಿಸುವುದಕ್ಕೆ ಕೇಂದ್ರ ಸರಕಾರ ಅವಕಾಶ ನೀಡಿತು. ಆ ಅಧಿಸೂಚನೆಯಲ್ಲಿಯೂ ಎಚ್1, ಎಕ್ಸ್ ಹಾಗೂ ಮಾದಕ ಗುಣವುಳ್ಳ ಔಷಧಿಗಳನ್ನು ಹೊರಗಿಡಲಾಗಿತ್ತು ಎಂಬುದನ್ನು ನೆನಪಿಡಬೇಕು. ಇಂತಹ ಔಷಧಿಯನ್ನು "ಚೀಟಿ ಬೇಡ, ಕಳುಹಿಸುತ್ತೇವೆ" ಎಂದು ಯಾರಾದರೂ ಹೇಳಿದರೆ ಅವರಿಂದ ದೂರ ಉಳಿಯುವುದೇ ಲೇಸು.

ಚೀಟಿ ಹೇಗಿರಬೇಕು?

ನಿಯಮದ ಪ್ರಕಾರ ಚೀಟಿಯಲ್ಲಿ ಡಾಕ್ಟರರ ಸಹಿ ಮತ್ತು ದಿನಾಂಕ, ರೋಗಿಯ ಹೆಸರು ಮತ್ತು ವಿಳಾಸ, ಒಟ್ಟು ಎಷ್ಟು ಔಷಧಿ, ಎಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು ಎಂಬುದು ಇರಬೇಕು. ಇನ್ನೆರಡು ವಿಷಯಗಳು ಅನೇಕರಿಗೆ ಗೊತ್ತಿಲ್ಲ.

ಮೊದಲನೆಯದು, ಮತ್ತೆ ಮತ್ತೆ ಕೊಡಬಹುದು ಎಂದು ಡಾಕ್ಟರರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ ಕೊಡಬೇಕು. ಎರಡು ವರ್ಷ ಹಳೆಯ ಚೀಟಿಯ ಫೋಟೋವನ್ನೇ ಪ್ರತಿ ತಿಂಗಳು ಕಳುಹಿಸುವುದು ಸರಿಯಲ್ಲ. ಇದು ಬರೀ ಕಾನೂನಿನ ಮಾತಲ್ಲ. ಈ ನಡುವೆ ಮೂತ್ರಪಿಂಡ ದುರ್ಬಲವಾಗಿರಬಹುದು, ತೂಕ ಇಳಿದಿರಬಹುದು, ಅಂದಿನ ಪ್ರಮಾಣ ಇಂದು ಹೆಚ್ಚಾಗಿರಬಹುದು. ಆದುದರಿಂದ ಮುಂದಿನ ಸಲ ಡಾಕ್ಟರರನ್ನು ಕಾಣುವಾಗ "ಇದನ್ನು ಎಷ್ಟು ತಿಂಗಳು ಮುಂದುವರಿಸಬೇಕು ಎಂದು ಚೀಟಿಯಲ್ಲೇ ಬರೆದುಕೊಡಿ ಡಾಕ್ಟ್ರೇ" ಎಂದು ಕೇಳಿರಿ.

ಎರಡನೆಯದು, ಡಾಕ್ಟರರು ಬರೆದ ಶೆಡ್ಯೂಲ್ ಎಚ್ ಔಷಧಿಯ ಬದಲಿಗೆ, ಅದೇ ಅಂಶವಿರುವ ಇನ್ನೊಂದು ಬ್ರ್ಯಾಂಡ್ ಕೊಡುವುದಕ್ಕೂ ಅಂಗಡಿಯವರಿಗೆ ಸ್ವಂತ ಅಧಿಕಾರವಿಲ್ಲ. ಆನ್‌ಲೈನ್‌ನಲ್ಲಿ ಅಗ್ಗದ ಬದಲಿ ಔಷಧಿಯನ್ನು ತೋರಿಸಿದಾಗ ಕೂಡಲೇ ಒತ್ತಬೇಡಿ. ಖರ್ಚು ಕಡಿಮೆ ಮಾಡಬೇಕಾದರೆ ಔಷಧಿಯ ಜನರಿಕ್ ಹೆಸರನ್ನೇ ಬರೆದುಕೊಡಲು ಡಾಕ್ಟರರನ್ನು ಕೇಳಿರಿ. ಆಗ ಜನೌಷಧಿ ಕೇಂದ್ರಗಳಲ್ಲಿಯೂ ಕೊಳ್ಳಬಹುದು. 2008ರಲ್ಲಿ ಆರಂಭವಾದ ಈ ಯೋಜನೆಯಡಿ 2023ರ ನವೆಂಬರ್ ವೇಳೆಗೆ ದೇಶದಲ್ಲಿ 10,000 ಕೇಂದ್ರಗಳಾಗಿದ್ದವು. ಬ್ರ್ಯಾಂಡ್ ಔಷಧಿಗಳಿಗಿಂತ ಇಲ್ಲಿ ಬೆಲೆ ಬಹಳಷ್ಟು ಕಡಿಮೆ. ಆನ್‌ಲೈನ್ ರಿಯಾಯಿತಿಗೆ ಮಾರುಹೋಗುವ ಮೊದಲು ಹತ್ತಿರದ ಜನೌಷಧಿ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು.

"ಚೀಟಿ ಇಲ್ಲವೇ? ನಮ್ಮ ಡಾಕ್ಟರರು ಫೋನ್ ಮಾಡುತ್ತಾರೆ"

ಕೆಲವು ಆನ್‌ಲೈನ್ ಅಂಗಡಿಗಳು ಚೀಟಿ ಇಲ್ಲದವರಿಗೆ ತಮ್ಮದೇ ಡಾಕ್ಟರರಿಂದ ಫೋನ್ ಮಾಡಿಸುತ್ತವೆ. ಟೆಲಿಮೆಡಿಸಿನ್ ಕುರಿತು ಕೇಂದ್ರ ಸರಕಾರ 2020ರ ಮಾರ್ಚ್ 25ರಂದು ಮಾರ್ಗಸೂಚಿ ಪ್ರಕಟಿಸಿದ್ದರಿಂದ ಇಂತಹ ಸಲಹೆಗೆ ಅವಕಾಶವಿದೆ, ಆದರೆ ಮಿತಿಗಳೂ ಇವೆ. ಪ್ಯಾರಾಸಿಟಮಾಲ್, ಓ.ಆರ್.ಎಸ್. ಮುಂತಾದ ಸಾಮಾನ್ಯ ಔಷಧಿಗಳನ್ನು ಫೋನಿನಲ್ಲಿ ಮಾತನಾಡಿಯೂ ಸೂಚಿಸಬಹುದು. ಇನ್ನು ಕೆಲವು ಔಷಧಿಗಳಿಗೆ ಮೊದಲ ಭೇಟಿ ವಿಡಿಯೋ ಮೂಲಕವೇ ಆಗಬೇಕು. ಮತ್ತೊಂದು ಪಟ್ಟಿಯ ಔಷಧಿಗಳನ್ನು, ಅದೇ ಕಾಯಿಲೆಗೆ ಮೊದಲು ಮುಖಾಮುಖಿ ಪರೀಕ್ಷೆ ಆಗಿದ್ದರೆ ಮಾತ್ರ ಬರೆಯಬಹುದು. ಶೆಡ್ಯೂಲ್ ಎಕ್ಸ್ ಔಷಧಿಗಳನ್ನೂ, ಮಾದಕ ದ್ರವ್ಯ ಕಾಯ್ದೆಯಡಿ ಬರುವ ಔಷಧಿಗಳನ್ನೂ ಬರೆಯುವಂತಿಲ್ಲ ಎಂದು ಆ ಮಾರ್ಗಸೂಚಿ ಹೇಳಿತು.

ಡಾಕ್ಟರರು ತಮ್ಮ ಹೆಸರು ಮತ್ತು ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ತಿಳಿಸಬೇಕು. ಅದನ್ನು ಕೇಳುವುದು ರೋಗಿಯ ಹಕ್ಕು, ಸಂಕೋಚ ಬೇಡ. ಎರಡು ನಿಮಿಷ ಮಾತನಾಡಿ ಆರು ಬಗೆಯ ಔಷಧಿ ಬರೆದವರ ಮಾತಿಗಿಂತ, ವರ್ಷಗಳಿಂದ ನೋಡುತ್ತಿರುವ ನಮ್ಮ ಊರಿನ ಡಾಕ್ಟರರ ಮಾತಿಗೆ ಬೆಲೆ ಕೊಡಬೇಕು.

ಆರ್ಡರ್ ಮಾಡುವಾಗ

1. ಚೀಟಿಯ ಪ್ರತಿಯೊಂದು ಸಾಲು ಸ್ಪಷ್ಟವಾಗಿ ಕಾಣುವಂತೆ ಫೋಟೋ ತೆಗೆಯಿರಿ. ಔಷಧಿಯ ಹೆಸರಿನಷ್ಟೇ ಅದರ ಮಿಲಿಗ್ರಾಮ್ ಸಂಖ್ಯೆಯೂ ಮುಖ್ಯ. 2.5 ಎಂಬುದು 25 ಎಂದು ಓದಿಕೊಂಡರೆ ಹತ್ತು ಪಟ್ಟು ವ್ಯತ್ಯಾಸವಾಗುತ್ತದೆ.

2. ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿ. ಎಸ್.ಆರ್., ಎಕ್ಸ್.ಆರ್., ಎಎಮ್, ಎಚ್ ಎಂಬ ಚಿಕ್ಕ ಅಕ್ಷರಗಳು ಮಾತ್ರೆಯ ಬಗೆಯನ್ನೋ ಅದರಲ್ಲಿ ಸೇರಿರುವ ಇನ್ನೊಂದು ಔಷಧಿಯನ್ನೋ ಸೂಚಿಸುತ್ತವೆ.

3. ಪ್ರತಿ ತಿಂಗಳು ತಾನಾಗಿಯೇ ಬರುವಂತೆ ಆರ್ಡರ್ ಹಾಕಿದ್ದರೆ, ಡಾಕ್ಟರರು ಔಷಧಿ ಬದಲಿಸಿದ ದಿನವೇ ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಹಳೆಯದೂ ಹೊಸದೂ ಎರಡೂ ಮನೆಯಲ್ಲಿ ಸೇರಿಕೊಳ್ಳುತ್ತವೆ.

4. ಔಷಧಿ ಮುಗಿಯುವುದಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಆರ್ಡರ್ ಮಾಡಿ. ಮಳೆಗಾಲದಲ್ಲಿ ಘಾಟಿ ರಸ್ತೆ ಮುಚ್ಚಿದರೆ ಬೆಂಗಳೂರಿನಿಂದ ಬರುವ ಪಾರ್ಸೆಲ್ ತಡವಾಗುತ್ತದೆ. ಹೃದಯ, ಅಪಸ್ಮಾರ, ಸಕ್ಕರೆ ಕಾಯಿಲೆಯ ಔಷಧಿ ಒಂದು ದಿನವೂ ತಪ್ಪಬಾರದು.

5. ಜ್ವರ, ವಾಂತಿ, ಎದೆನೋವು ಮುಂತಾದ ತುರ್ತಿಗೆ ಆನ್‌ಲೈನ್ ಔಷಧಿಯನ್ನು ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿರಿ.

6. ಸಕ್ಕರೆ ಕಾಯಿಲೆಯನ್ನು ಬುಡಸಮೇತ ಗುಣಪಡಿಸುತ್ತೇವೆ, ಕ್ಯಾನ್ಸರ್ ಓಡಿಸುತ್ತೇವೆ ಎಂಬ ಜಾಹೀರಾತುಗಳನ್ನು 1954ರ ಕಾಯ್ದೆಯೊಂದು ನಿಷೇಧಿಸಿದೆ. ಅಂತಹ ಜಾಹೀರಾತು ಕಂಡರೆ ಅಲ್ಲಿ ಖರೀದಿಯೇ ಬೇಡ.

ಪಾರ್ಸೆಲ್ ಬಂದಾಗ

ಮೊದಲು ಬಿಲ್ಲನ್ನು ನೋಡಿ. ಅದರಲ್ಲಿ ಕಳುಹಿಸಿದ ಅಂಗಡಿಯ ಹೆಸರು, ವಿಳಾಸ, ಲೈಸನ್ಸ್ ಸಂಖ್ಯೆ, ಔಷಧಿಯ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಬಿಲ್ ಇಲ್ಲದ ಔಷಧಿಯನ್ನು ಸ್ವೀಕರಿಸಬಾರದು. ಅನಂತರ ಚೀಟಿ, ಬಿಲ್ಲು, ಮಾತ್ರೆಯ ಪಟ್ಟಿ ಈ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಮಿಲಿಗ್ರಾಮ್, ಬ್ಯಾಚ್, ಅವಧಿ ತಾಳೆಯಾಗುತ್ತವೆಯೇ ಎಂದು ನೋಡಿ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ತಯಾರಕರು, ಬ್ಯಾಚ್ ಮತ್ತು ಅವಧಿಯ ವಿವರ ಸಿಗಬೇಕು.

ಮಾತ್ರೆಯ ಬಣ್ಣ ಅಥವಾ ಆಕಾರ ಕಳೆದ ತಿಂಗಳಿಗಿಂತ ಬೇರೆಯಾಗಿದ್ದರೆ ನುಂಗುವ ಮೊದಲು ಡಾಕ್ಟರರನ್ನೋ ಹತ್ತಿರದ ಫಾರ್ಮಸಿಸ್ಟರನ್ನೋ ಕೇಳಿರಿ. ಬೇರೆ ಬೇರೆ ಹೆಸರಿನ ಎರಡು ಪಟ್ಟಿಗಳಲ್ಲಿ ಒಂದೇ ಔಷಧಿ ಇರಬಹುದು. ಪಟ್ಟಿಯ ಹಿಂಬದಿಯಲ್ಲಿ ಚಿಕ್ಕ ಅಕ್ಷರಗಳಲ್ಲಿರುವ ಜನರಿಕ್ ಹೆಸರನ್ನು ಓದಿದರೆ ಇದು ತಿಳಿಯುತ್ತದೆ. ಎರಡರಲ್ಲೂ "ಆಮ್ಲೋಡಿಪಿನ್" ಎಂದಿದ್ದು ಎರಡನ್ನೂ ತೆಗೆದುಕೊಂಡರೆ ಬಿ.ಪಿ. ತೀರಾ ಇಳಿದು ಮುದುಕರು ಬಚ್ಚಲಿನಲ್ಲಿ ಬೀಳುವ ಸಂಭವವಿದೆ. ಅಂತಹ ಒಂದು ಬೀಳುವಿಕೆಯಿಂದ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯುವವರಿದ್ದಾರೆ.

ವಿಶೇಷ ಎಚ್ಚರ ಬೇಕಾದ ಔಷಧಿಗಳು

ಇನ್ಸುಲಿನ್: ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ತಂಪಿನ ಪೊಟ್ಟಣವಿಲ್ಲದೆ ಇಡೀ ದಿನ ವಾಹನದಲ್ಲಿ ತಿರುಗಿ ಬಂದ ಇನ್ಸುಲಿನ್ ಹಾಳಾಗಿರಬಹುದು. ಹೆಪ್ಪುಗಟ್ಟಿದ ಇನ್ಸುಲಿನ್ ಕೂಡಾ ಉಪಯೋಗಕ್ಕೆ ಬಾರದು, ಆದುದರಿಂದ ಫ್ರೀಜರ್‌ನಲ್ಲಿ ಇಡಬಾರದು. ಬಳಸಲು ಆರಂಭಿಸಿದ ಮೇಲೆ ಹೆಚ್ಚಿನ ಇನ್ಸುಲಿನ್‌ಗಳಿಗೆ ಸುಮಾರು 4 ವಾರಗಳ ಬಾಳಿಕೆ, ಒಳಗಿರುವ ಕಾಗದದಲ್ಲಿ ಅದರ ವಿವರ ಇರುತ್ತದೆ. ಸಾಧ್ಯವಾದಷ್ಟು ಇನ್ಸುಲಿನನ್ನು ಊರಿನ ಅಂಗಡಿಯಿಂದಲೇ ಕೊಳ್ಳುವುದು ಉತ್ತಮ.

ಮೆಥೊಟ್ರೆಕ್ಸೇಟ್: ಸಂಧಿವಾತಕ್ಕೆ ಕೊಡುವ ಈ ಮಾತ್ರೆಯನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ತಪ್ಪಿ ಪ್ರತಿದಿನ ನುಂಗಿದ ರೋಗಿಗಳು ಪ್ರಾಣ ಕಳೆದುಕೊಂಡ ಘಟನೆಗಳು ಹಲವು ದೇಶಗಳಲ್ಲಿ ನಡೆದಿವೆ. ಯಾವ ವಾರ ಎಂಬುದನ್ನು ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ವಾರ್ಫರಿನ್: ರಕ್ತ ಹೆಪ್ಪುಗಟ್ಟದಂತೆ ಕೊಡುವ ಈ ಔಷಧಿಯ ಪ್ರಮಾಣವನ್ನು ರಕ್ತಪರೀಕ್ಷೆ ನೋಡಿ ಡಾಕ್ಟರರು ಬದಲಿಸುತ್ತಿರುತ್ತಾರೆ. ಕಳೆದ ಆರ್ಡರನ್ನೇ ಕಣ್ಣುಮುಚ್ಚಿ ಪುನಃ ಹಾಕಬಾರದು.

ನಿದ್ರೆ ಮಾತ್ರೆಗಳು: ಆಲ್‌ಪ್ರಜೋಲಾಮ್, ಡೈಜೆಪಾಮ್ ಮುಂತಾದವು ಅಭ್ಯಾಸವಾಗಿ ಬಿಡುತ್ತವೆ. ಇವನ್ನು ಡಾಕ್ಟರರ ಮುಖಾಮುಖಿ ಸಲಹೆಯಲ್ಲಿ ಮಾತ್ರ ತೆಗೆದುಕೊಳ್ಳಬೇಕು, ನಿಲ್ಲಿಸುವುದನ್ನೂ ಅವರ ಸಲಹೆಯಂತೆಯೇ ಮಾಡಬೇಕು.

ಆ್ಯಂಟಿಬಯೋಟಿಕ್: ಪಟ್ಟಿಯ ಮೇಲಿನ ಕೆಂಪು ಗೆರೆಯ ಕುರಿತು 2016ರಲ್ಲಿ ಕೇಂದ್ರ ಸರಕಾರ ಜಾಗೃತಿ ಅಭಿಯಾನ ನಡೆಸಿತು. ಕೆಂಪು ಗೆರೆ ಇದ್ದರೆ ಡಾಕ್ಟರರ ಚೀಟಿ ಇಲ್ಲದೆ ಸೇವಿಸಬಾರದು.

ಕ್ಷಯರೋಗದ ಔಷಧಿ: ಇದನ್ನು ಆನ್‌ಲೈನ್‌ನಲ್ಲಿ ಹುಡುಕುವ ಅಗತ್ಯವೇ ಇಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ನಾಚಿಕೆಯಿಂದ ಗುಟ್ಟಾಗಿ ತರಿಸಿ ಅರ್ಧಕ್ಕೆ ಬಿಟ್ಟರೆ ರೋಗ ಔಷಧಿಗೆ ಬಗ್ಗದಂತಾಗಿ ಮನೆಮಂದಿಗೂ ಹರಡುತ್ತದೆ.

ಗಲ್ಫ್‌ನಲ್ಲಿರುವ ಮಕ್ಕಳಿಗೆ

ಹಣ ಕಟ್ಟಿ ಆರ್ಡರ್ ಮಾಡಿದೊಡನೆ ಕರ್ತವ್ಯ ಮುಗಿಯುವುದಿಲ್ಲ. ಪಾರ್ಸೆಲ್ ತಲುಪಿದ ದಿನ ವಿಡಿಯೋ ಕರೆ ಮಾಡಿ ಪ್ರತಿಯೊಂದು ಪಟ್ಟಿಯನ್ನೂ ತೋರಿಸಲು ಅಪ್ಪ ಅಮ್ಮನಿಗೆ ಹೇಳಿ. ಚೀಟಿಯ ಒಂದು ಪ್ರತಿ ನಿಮ್ಮಲ್ಲಿರಲಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಮಾತ್ರೆಗಳನ್ನು ವಾರಕ್ಕೊಮ್ಮೆ ತುಂಬಿಸಿಡುವ ಪೆಟ್ಟಿಗೆಯೊಂದನ್ನು ರಜೆಯಲ್ಲಿ ಬಂದಾಗ ತಂದುಕೊಡಿ. ಕಣ್ಣು ಮಂಜಾದವರಿಗೆ ಇದು ಬಹಳ ಉಪಕಾರಿ.

ಊರಿನಿಂದ ಗಲ್ಫ್‌ಗೆ ಔಷಧಿ ಒಯ್ಯುವವರು ಚೀಟಿ ಮತ್ತು ಬಿಲ್ಲನ್ನು ಜೊತೆಗಿಟ್ಟುಕೊಳ್ಳಬೇಕು. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ ಹಾಗೂ ಕೆಮ್ಮಿನ ಸಿರಪ್‌ಗಳು ಅಲ್ಲಿ ಕಟ್ಟುನಿಟ್ಟಾಗಿ ನಿಯಂತ್ರಿತ. ಯು.ಎ.ಇ.ಗೆ ಇಂತಹ ಔಷಧಿ ಒಯ್ಯಬೇಕಾದರೆ ಅಲ್ಲಿನ ಸರಕಾರದ ಅನುಮತಿಯನ್ನು ಮೊದಲೇ ಪಡೆಯಬೇಕು. ಏನಿದೆಯೆಂದು ತಿಳಿಯದೆ ಇತರರ ಔಷಧಿ ಪೊಟ್ಟಣವನ್ನು ಒಯ್ಯಲು ಯಾರೂ ಒಪ್ಪಬಾರದು.

ಧರ್ಮಕೇಂದ್ರದ ಕಾರ್ಯಕರ್ತರಿಗೆ

ರೋಗಿಗಳ ಮನೆಗೆ ಪರಮಪ್ರಸಾದ ಕೊಂಡೊಯ್ಯುವ ನಾವು ಧರ್ಮಗುರುಗಳು, ಧರ್ಮಭಗಿನಿಯರು, ಗುರಿಕಾರರು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಹಾಗೂ ಸ್ತ್ರೀ ಸಂಘಟನೆಯ ಸದಸ್ಯರು ಆ ಮನೆಗಳ ಮದ್ದಿನ ಡಬ್ಬಿಗಳನ್ನು ಕಣ್ಣಾರೆ ಕಾಣುತ್ತೇವೆ. ಅವಧಿ ಮುಗಿದ ಪಟ್ಟಿಗಳು, ತೀರಿಹೋದ ಗಂಡನ ಮಾತ್ರೆಗಳು, ಮೂರು ಡಾಕ್ಟರರ ಚೀಟಿಗಳು ಒಟ್ಟಿಗೇ ಇರುತ್ತವೆ. ನಾವು ಮಾಡಬಹುದಾದುದು ಇಷ್ಟು.

ವಾಳೆಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ಪಾರ್ಸೆಲ್ ಬಂದಾಗ ಓದಿ ಹೇಳಬಲ್ಲ ನೆರೆಯವರೊಬ್ಬರನ್ನು, ಆ ಹಿರಿಯರ ಒಪ್ಪಿಗೆ ಪಡೆದು, ಗೊತ್ತುಮಾಡುವುದು. ವಾಳೆಯಲ್ಲಿ ನಿವೃತ್ತ ನರ್ಸ್ ಅಥವಾ ಫಾರ್ಮಸಿಸ್ಟರಿದ್ದರೆ ಅವರ ಸಹಾಯ ಕೇಳುವುದು. ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, 1993ರಿಂದ ಆಚರಿಸಲ್ಪಡುತ್ತಿರುವ ವಿಶ್ವ ರೋಗಿಗಳ ದಿನಕ್ಕೆ ಹೊಂದಿಸಿ, ಹಿರಿಯರು ತಮ್ಮ ಎಲ್ಲಾ ಔಷಧಿಗಳನ್ನು ಚೀಲದಲ್ಲಿ ತಂದು ಡಾಕ್ಟರರಿಗೆ ತೋರಿಸುವ ಶಿಬಿರವನ್ನು ಏರ್ಪಡಿಸುವುದು.

ಮಾಡಬಾರದುದೂ ಇದೆ. ಯಾರ ಚೀಟಿಯ ಫೋಟೋವನ್ನೂ ವಾಟ್ಸಾಪ್ ಗುಂಪಿಗೆ ಹಾಕಬಾರದು. ಮಾನಸಿಕ ಕಾಯಿಲೆಯ ಅಥವಾ ಎಚ್.ಐ.ವಿ. ಔಷಧಿಯ ಹೆಸರು ಒಮ್ಮೆ ಹೊರಬಿದ್ದರೆ ಅದನ್ನು ಹಿಂದೆ ಪಡೆಯಲಾಗದು, ಒಂದು ಮನೆಯ ಮಾನ ಅದರಲ್ಲಿದೆ. ಉಳಿದ ಔಷಧಿಗಳನ್ನು ಚರ್ಚಿನಲ್ಲಿ ಸಂಗ್ರಹಿಸಿ ಬಡವರಿಗೆ ಹಂಚುವುದೂ ಬೇಡ. ಉದ್ದೇಶ ಒಳ್ಳೆಯದಾದರೂ ತೆರೆದಿಟ್ಟ ಔಷಧಿಯ ಗುಣಮಟ್ಟಕ್ಕೆ ಹೊಣೆ ಯಾರೂ ಇರುವುದಿಲ್ಲ. ಬಡ ರೋಗಿಗೆ ಸಹಾಯ ಮಾಡುವುದಿದ್ದರೆ ಅಂಗಡಿಯ ಬಿಲ್ಲನ್ನು ಪಾವತಿಸಬಹುದು. ಔಷಧಿಯ ಪ್ರಮಾಣದ ಬಗ್ಗೆ ಸ್ವಂತ ಸಲಹೆಯನ್ನು ನಾವು ಯಾರೂ ಕೊಡಬಾರದು.

ತೊಂದರೆಯಾದರೆ ಎಲ್ಲಿ ತಿಳಿಸಬೇಕು?

1. ಔಷಧಿಯಿಂದ ತುರಿಕೆ, ಬಾವು, ಉಸಿರಾಟದ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಅಡ್ಡಪರಿಣಾಮವನ್ನು ಬಳಿಕ 1800-180-3024 ಉಚಿತ ಸಂಖ್ಯೆಗೆ ವರದಿ ಮಾಡಬಹುದು.

2. ನಕಲಿ ಅಥವಾ ಕಳಪೆ ಔಷಧಿಯೆಂಬ ಸಂಶಯವಿದ್ದರೆ ಪಟ್ಟಿಯನ್ನೂ ಬಿಲ್ಲನ್ನೂ ಎಸೆಯದೆ ಜಿಲ್ಲೆಯ ಔಷಧ ಪರಿವೀಕ್ಷಕರಿಗೆ, ಅಂದರೆ ಡ್ರಗ್ ಇನ್‌ಸ್ಪೆಕ್ಟರರಿಗೆ, ತಿಳಿಸಿ.

3. ತಪ್ಪು ಔಷಧಿ ಬಂದು ಕಂಪೆನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪೆನಿಯ ದೂರು ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ದೃಢಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

4. ಹಣ ವಾಪಸು ಕೊಡುತ್ತೇವೆಂದು ಓ.ಟಿ.ಪಿ. ಕೇಳುವವರು, ಮೊಬೈಲಿಗೆ ಹೊಸ ಆ್ಯಪ್ ಹಾಕಿಸುವವರು ಮೋಸಗಾರರು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಸಂತ ಲೂಕನ ಶುಭಸಂದೇಶದ ಸಮಾರ್ಯದವನು ಗಾಯಗೊಂಡವನಿಗೆ ಎಣ್ಣೆ ಹಚ್ಚಿ, ಛತ್ರಕ್ಕೆ ಕರೆದೊಯ್ದು, ಆ ರಾತ್ರಿ ತಾನೇ ಆರೈಕೆ ಮಾಡಿದನು. ಮರುದಿನ ಹಣ ಕೊಟ್ಟು ಹೊರಡುವಾಗಲೂ ಮರಳಿ ಬರುವುದಾಗಿ ಛತ್ರದವನಿಗೆ ಮಾತು ಕೊಟ್ಟನು. ಹಣದ ಜೊತೆಗೆ ಈ ವಿಚಾರಣೆಯೂ ಇದ್ದಾಗಲೇ ದೂರದಿಂದ ಬಂದ ಔಷಧಿ ನಮ್ಮ ಹಿರಿಯರಿಗೆ ಹಿತವಾಗುತ್ತದೆ. ಈ ವಾರ ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರೊಬ್ಬರ ಮದ್ದಿನ ಡಬ್ಬಿಯನ್ನು ಅವರ ಜೊತೆ ಕುಳಿತು ಒಮ್ಮೆ ತೆರೆದು ನೋಡಿರಿ ಎಂದು ವಿನಂತಿಸುತ್ತೇವೆ. ರೋಗಿಗಳ ಆರೋಗ್ಯಮಾತೆಯಾದ ಮರಿಯಮ್ಮನವರು ನಮ್ಮೆಲ್ಲ ರೋಗಿಗಳಿಗಾಗಿ ಪ್ರಾರ್ಥಿಸಲಿ.